ಡಬರಿ ಅವರದು, ಮುಚ್ಚಳ ನಮ್ಮದು

ಸ್ವೀಡನ್ನಿನ ಪಶ್ಚಿಮದ ಅಂಚಿನಲ್ಲಿ, ನಾರ್ವೆ ಗಡಿಗೆ ಕೂಗಳತೆ ದೂರದಲ್ಲಿ ಒಂದು ಸಣ್ಣ ಊರಿದೆ. ಒಂದು ಪೇಪರ್ ಮಿಲ್ಲು, ಒಂದು ಚರ್ಚು, ಒಂದು ಅಂಗಡಿ, ಒಂದು ಬಸ್ ಸ್ಟಾಪು, ಅಲ್ಲಿಗೆ ಊರು ಮುಗೀತು. ಚರ್ಚಿನ ಪಕ್ಕದ ಹುಲ್ಲಿನ ಮೇಲೆ ಎದೆಮಟ್ಟದ ಕಲ್ಲೊಂದನ್ನು ನೆಟ್ಟಿದ್ದಾರೆ. ಹಿಂದೆ ಸ್ವೀಡನ್ನೂ ನಾರ್ವೆಯೂ ಒಬ್ಬನೇ ರಾಜನ ಕೆಳಗಿದ್ದವು. ನಿಮ್ಮ ಸಹವಾಸ ಸಾಕು, ನಾವು ಬೇರೆ ಹೋಗ್ತೀವಿ ಅಂತ ನಾರ್ವೆಯವರು ಹೇಳಿದಾಗ ಎರಡು ಕಡೆಯ ಸೈನ್ಯವೂ ಬಂದು ಈ ಗಡಿಯಲ್ಲಿ ಕೂತಿತ್ತಂತೆ. ಯಾವನಾದರೂ ಒಬ್ಬ ಕೈ ಜಾರಿ ಬಂದೂಕು ಹಾರಿಸಿದ್ದರೂ ಸಾಕಿತ್ತು, ಹೆಣ್ಣು ಕೊಟ್ಟು ತಂದುಕೊಂಡ ಮನೆಗಳವರೇ ಒಬ್ಬರನ್ನೊಬ್ಬರು ಕೊಲ್ಲಬೇಕಾಗಿತ್ತು. ಯಾರೂ ಹಾರಿಸಲಿಲ್ಲ. ಕೂತು ಮಾತಾಡಿ ಬೇರೆಯಾದರು. ಅದರ ನೆನಪಿಗೆ ಆ ಕಲ್ಲು.

ನಾನು ಆ ಊರಿಗೆ ಹೋಗಿದ್ದು ಒಂದೇ ಸಲ, ಎರಡು ಸಾವಿರದ ಐದನೇ ಇಸವಿಯ ಬೇಸಿಗೆಯಲ್ಲಿ, ಆ ಬೇರೆಯಾದದ್ದಕ್ಕೆ ನೂರು ವರ್ಷ ತುಂಬಿದಾಗ. ಇವತ್ತಿಗೂ ಅದರ ಸುದ್ದಿ ಬಂದರೆ ನನ್ನ ಕಿವಿ ಬಿಸಿಯಾಗುತ್ತೆ. ಯಾರಾದರೂ "ನಿಮ್ಮ ಕನ್ನಡದವರು ಬಹಳ ಸಾಧು ಜನ ಅಲ್ವಾ" ಅಂದರೆ ಮಾತು ಬದಲಾಯಿಸಿ ಅಡುಗೆಮನೆಗೆ ಹೋಗಿಬಿಡ್ತೀನಿ.

ಆಗ ನಾವಿದ್ದದ್ದು ಸ್ಟಾಕ್‌ಹೋಮ್ ಪಕ್ಕದ ಸುಂಡ್‌ಬೀಬೆರಿಯಲ್ಲಿ, ಮೂರನೇ ಮಹಡಿಯ ಬಾಡಿಗೆ ಫ್ಲ್ಯಾಟಿನಲ್ಲಿ. ನಮ್ಮನೆಯವರಿಗೆ ಕಿಸ್ಟಾದಲ್ಲಿ ಟೆಲಿಕಾಂ ಕೆಲಸ. ನನಗೆ ಒಂದು ಡಾಗಿಸ್‌ನಲ್ಲಿ, ಅಂದರೆ ಇಲ್ಲಿನ ಶಿಶುವಿಹಾರದಲ್ಲಿ, ಮಕ್ಕಳ ಮೂಗು ಒರೆಸೋ ಕೆಲಸ. ಆ ಮೂಗುಗಳ ಪುಣ್ಯದಿಂದ ನನಗೆ ಸ್ವೀಡಿಷ್ ಬಂತು. ನಮ್ಮನೆಯವರಿಗೆ ಮಾತ್ರ ಕಾಫಿಗೆ ಕರೆಯೋ "ಫಿಕಾ" ಅನ್ನೋ ಒಂದೇ ಪದದಲ್ಲಿ ಜೀವನ ಸಾಗ್ತಿತ್ತು, ಈಗಲೂ ಸಾಗ್ತಿದೆ.

ಸ್ಟಾಕ್‌ಹೋಮ್‌ನಲ್ಲಿ ಒಂದು ಕನ್ನಡ ಕೂಟ ಇತ್ತು. ಯುಗಾದಿ, ಗಣೇಶನ ಹಬ್ಬ, ರಾಜ್ಯೋತ್ಸವ, ಮೂರೇ ಕಾರ್ಯಕ್ರಮ. ಆ ಮೂರಕ್ಕೂ ಒಂದೇ ಜಗಳ: ಊಟ ಮೊದಲೋ, ಕಾರ್ಯಕ್ರಮ ಮೊದಲೋ. ಊಟ ಮೊದಲು ಹಾಕಿದರೆ ಜನ ಉಂಡು ಕೈ ತೊಳೆದು ಮನೆ ದಾರಿ ಹಿಡೀತಾರೆ, ಭಾಷಣ ಯಾರು ಕೇಳ್ತಾರೆ ಅಂತ ಅಧ್ಯಕ್ಷರ ಕಡೆಯವರು. ಹೊಟ್ಟೆ ಚುರುಗುಟ್ಟೋರ ಮುಂದೆ ಭಾಷಣ ಮಾಡೋದು ಯಾವ ಸಂಸ್ಕೃತಿ ಅಂತ ನಮ್ಮನೆಯವರ ಕಡೆಯವರು. ಹಿಂದಿನ ವರ್ಷದ ಯುಗಾದಿಗೆ ಅಧ್ಯಕ್ಷರ ಭಾಷಣ, ಅಧ್ಯಕ್ಷರ ಮಗಳ ಭರತನಾಟ್ಯ, ಅಧ್ಯಕ್ಷರ ಭಾಮೈದನ ಕರೋಕೆ ಎಲ್ಲ ಮುಗಿಯೋ ಹೊತ್ತಿಗೆ ಬಿಸಿಬೇಳೆ ಬಾತು ಕಲ್ಲಾಗಿತ್ತು. ಯಾರೋ ಸೌಟು ಹಾಕಿದರೆ ಸೌಟು ನಿಂತೇ ಇತ್ತು. ಅವತ್ತು ಮಾತಿಗೆ ಮಾತು ಬೆಳೆದು, ತಿಂಗಳೊಳಗೆ ಒಂದು ಕೂಟ ಎರಡಾಯಿತು. ಹೊಸ ಕೂಟಕ್ಕೆ ನಮ್ಮನೆಯವರು ಕಾರ್ಯದರ್ಶಿ. ನಗಬೇಡಿ. ಆಗ ನಾವ್ಯಾರೂ ನಗಲಿಲ್ಲ.

ಇನ್ನೊಂದು ವಿಷಯ ಹೇಳಲೇಬೇಕು. ಕೂಟದ ಹತ್ತಿರ ಒಂದು ದೊಡ್ಡ ಡಬರಿ ಇತ್ತು, ಊರಿಗೆಲ್ಲ ಅನ್ನ ಮಾಡಬಹುದಾದಂಥದ್ದು. ಯಾರೋ ಸಾಮಾನಿನ ಕಂಟೇನರಿನಲ್ಲಿ ಬೆಂಗಳೂರಿಂದ ತರಿಸಿಕೊಟ್ಟಿದ್ದರು. ಯುಗಾದಿಯ ರಾತ್ರಿ ಜಗಳ ಆಡಿಕೊಂಡೇ ಪಾತ್ರೆ ತೊಳೆದರಲ್ಲ, ಆ ಗಡಿಬಿಡಿಯಲ್ಲಿ ಡಬರಿ ಅಧ್ಯಕ್ಷರ ಕಾರಿಗೆ ಹೋಯಿತು, ಅದರ ಮುಚ್ಚಳ ನಮ್ಮ ಕಾರಿಗೆ ಬಂತು. ಆಮೇಲೆ ಕೊಡೋರೂ ಇಲ್ಲ, ಕೇಳೋರೂ ಇಲ್ಲ. ಕೇಳಿದರೆ ಸೋತ ಹಾಗಾಗುತ್ತಲ್ಲ! ಒಂದು ವರ್ಷ ಆ ಮುಚ್ಚಳ ನಮ್ಮ ಬಿಲ್ಡಿಂಗಿನ ನೆಲಮಾಳಿಗೆಯಲ್ಲಿ ಸ್ಕೀಯಿಂಗ್ ಬೂಟುಗಳ ಪಕ್ಕ ಗೋಡೆಗೊರಗಿ ನಿಂತಿತ್ತು.

ಅಧ್ಯಕ್ಷರ ಹೆಂಡತಿ ನನ್ನ ಗೆಳತಿ. ಇಬ್ಬರೂ ಒಂದೇ ಚಳಿಗಾಲದಲ್ಲಿ ಬಂದಿಳಿದವರು, ಒಂದೇ ಕ್ಲಾಸಿನಲ್ಲಿ ಸ್ವೀಡಿಷ್ ಕಲಿತವರು. ಮೊದಲ ವರ್ಷ ಹಿಮದಲ್ಲಿ ಜಾರಿ ಬಿದ್ದಾಗ ನನ್ನನ್ನು ಎಬ್ಬಿಸಿದವಳು ಅವಳೇ. ಕೂಟ ಒಡೆದ ಮೇಲೆ ಮೆಟ್ರೋದಲ್ಲಿ ಎದುರಾದರೆ ಅವಳು ಒಂದು ಡಬ್ಬಿ ಹತ್ತೋಳು, ನಾನು ಇನ್ನೊಂದು. ಗಂಡಂದಿರ ಜಗಳದಲ್ಲಿ ನಮಗೇನು ಸಿಕ್ಕಿತೋ ದೇವರೇ ಬಲ್ಲ.

ಹೀಗಿರುವಾಗ ಮೇ ತಿಂಗಳ ಒಂದು ಭಾನುವಾರ ನಮ್ಮನೆ ಬೆಲ್ ಹೊಡೀತು. ಕೋಟು, ಟೈ, ಕೈಯಲ್ಲೊಂದು ಬಟ್ಟೆ ಚೀಲ, ಬೆಳ್ಳಗಿನ ತಲೆ. ಹಿರಿಯರೊಬ್ಬರು ನಿಂತಿದ್ದರು. ತಮ್ಮ ಊರಿನ ಹೆಸರು ಹೇಳಿದ ತಕ್ಷಣ ಯಾರು ಅಂತ ಗೊತ್ತಾಯಿತು, ಯಾಕಂದರೆ ಅವರ ಕಥೆ ಎಲ್ಲರಿಗೂ ಗೊತ್ತಿತ್ತು. ನಾವೆಲ್ಲ ಹುಟ್ಟೋ ಕಾಲಕ್ಕೆ ಎಂಜಿನಿಯರಾಗಿ ಆ ಗಡಿ ಊರಿನ ಪೇಪರ್ ಮಿಲ್ಲಿಗೆ ಬಂದವರು. ಗಡಿಯಾಚೆಯ ನಾರ್ವೆ ಹೆಂಗಸನ್ನು ಮದುವೆಯಾಗಿ ಅಲ್ಲೇ ನಿಂತವರು. ಹೆಂಡತಿ ತೀರಿಕೊಂಡು ಸ್ವಲ್ಪ ಕಾಲವಾಗಿತ್ತು. ಇಡೀ ಊರಿಗೆ ಅವರೊಬ್ಬರೇ ಕನ್ನಡದವರು. ಆ ಕನ್ನಡವೂ ಅವರು ಮೈಸೂರು ಬಿಟ್ಟು ಬಂದ ದಿನ ಹೇಗಿತ್ತೋ ಹಾಗೇ ಇತ್ತು, ಮಡಿಸಿಟ್ಟ ರೇಷ್ಮೆ ಸೀರೆ ಥರ. "ತಾವೆಲ್ಲ ದಯಮಾಡಿಸಬೇಕು" ಅಂತ ನಮ್ಮ ಫ್ಲ್ಯಾಟಿನಲ್ಲಿ ಯಾರಾದರೂ ಮಾತಾಡಿದ್ದು ಅದೇ ಮೊದಲು.

ಕಾಫಿ ಕುಡೀತಾ ವಿಷಯ ಹೇಳಿದರು. ದೇಶಗಳು ಬೇರೆಯಾಗಿ ನೂರು ವರ್ಷವಾದ ನೆನಪಿಗೆ ಅವರೂರಿನ ಹಳೇ ವಸ್ತು ಕಾಪಾಡೋ ಸಂಘದವರು ಆ ಕಲ್ಲಿನ ಪಕ್ಕ ಹೊಸ ಫಲಕಗಳನ್ನು ಹಾಕ್ತಿದ್ದಾರಂತೆ. ಊರಿನಲ್ಲಿ ಯಾವ್ಯಾವ ಭಾಷೆಯ ಜನ ಇದ್ದಾರೋ ಆ ಎಲ್ಲ ಭಾಷೆಯಲ್ಲೂ ಕಲ್ಲಿನ ಮಾತು ಬರೆಸೋದು ಅಂತ ತೀರ್ಮಾನ. ಫಿನ್ನಿಷ್ ಇದೆ, ಬೋಸ್ನಿಯಾದವರದಿದೆ, ಇರಾನಿನವರ ಫಾರ್ಸಿ ಇದೆ. ಕನ್ನಡದ್ದನ್ನು ಇವರೇ ಅನುವಾದ ಮಾಡಿದ್ದಾರೆ. ಸಂಘದ ಮುಖ್ಯಸ್ಥೆ ಕೇಳಿದಳಂತೆ, ನಿಮ್ಮ ಭಾಷೆಯವರು ನೀವೊಬ್ಬರೇ ಅಲ್ವಾ, ಅದನ್ನ ಓದೋರು ಯಾರು ಅಂತ. ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಆದರೂ ಇವರಿಗೆ ಚುರುಕ್ ಅಂದಿರಬೇಕು. "ನಮ್ಮವರು ಬರ್ತಾರೆ, ಒಂದು ಬಸ್ಸು ತುಂಬ ಬರ್ತಾರೆ" ಅಂದುಬಿಟ್ಟಿದ್ದಾರೆ. ಮೂವತ್ತು ವರ್ಷಕ್ಕೂ ಹೆಚ್ಚು ಆ ಊರಿನಲ್ಲಿ ಒಂಟಿ ಕನ್ನಡಿಗರಾಗಿದ್ದವರು, ತನಗೂ ಒಂದು ಬಳಗ ಇದೆ ಅಂತ ತೋರಿಸೋ ಅವಕಾಶ ಅದೊಂದೇ ಬಂದಿದ್ದು.

ಆಮೇಲೆ ಚೀಲದಿಂದ ಬೆಳ್ಳಿಯ ಕುಂಕುಮದ ಭರಣಿ ತೆಗೆದರು. ಇ-ಮೇಲ್ ಕಳಿಸಿದ್ದರೆ ಮುಗಿದುಹೋಗ್ತಿತ್ತು. ಕರೆಯೋದು ಅಂದರೆ ಮನೆಗೆ ಹೋಗಿ ಕುಂಕುಮ ಕೊಟ್ಟು ಕರೆಯೋದು ಅಂತ ಅವರ ತಾಯಿ ಕಲಿಸಿದ್ದನ್ನೇ ನೆಚ್ಚಿಕೊಂಡು, ಅರ್ಧ ದೇಶ ರೈಲಿನಲ್ಲಿ ದಾಟಿಕೊಂಡು ಬಂದಿದ್ದರು. ಭರಣಿ ನನ್ನ ಮುಂದೆ ಹಿಡಿದು ಸ್ವಲ್ಪ ತಡವರಿಸಿದರು.

"ಕೊಡಬೇಕಾದವಳು ಇಲ್ಲ. ತಾವೇ ಇಟ್ಟುಕೊಳ್ಳಿ ತಾಯಿ."

ನಾನು ಇಟ್ಟುಕೊಂಡೆ. "ಖಂಡಿತ ಬರ್ತೀವಿ ಅಂಕಲ್" ಅಂದೆ. ನಮ್ಮನೆಯವರೂ ಅಂದರು, ಮನಸಾರೆ ಅಂದರು, ಅದು ನನಗೆ ಗೊತ್ತು. ಅಷ್ಟಕ್ಕೇ ನಿಂತಿದ್ದರೆ ಎಷ್ಟು ಚೆನ್ನಾಗಿತ್ತು. ಹೊರಡೋಕೆ ಎದ್ದವರು ಬಾಗಿಲಲ್ಲಿ ಷೂ ಹಾಕಿಕೊಳ್ತಾ ಒಂದು ಮಾತು ಹೇಳಿದರು. ಅಷ್ಟು ಜನಕ್ಕೆ ಚಿತ್ರಾನ್ನ ಕಲಸೋಕೆ ಅವರ ಹತ್ತಿರ ದೊಡ್ಡ ಪಾತ್ರೆ ಇಲ್ಲವಂತೆ. "ಡಬರಿ ಕೊಡ್ತೀವಿ ಅಂತ ಅಧ್ಯಕ್ಷರ ಮನೆಯಲ್ಲಿ ಹೇಳಿದರು. ಮುಚ್ಚಳ ತಮ್ಮಲ್ಲಿದೆಯಂತೆ. ಅವರ ಮನೆ ಸ್ಟೇಷನ್ನಿಗೆ ಹತ್ತಿರವಲ್ಲವೇ, ಮೊದಲು ಅಲ್ಲಿಗೆ ಹೋಗಿ, ಹಾಗೆಯೇ ಇಲ್ಲಿಗೆ ಬಂದೆ."

ನಮ್ಮನೆಯವರ ನಗು ಇದ್ದಲ್ಲೇ ಇತ್ತು, ಮುಖ ಮಾತ್ರ ಬದಲಾಯಿತು. ತರೋಣ ಬಿಡಿ ಸರ್, ಅದಕ್ಕೇನಂತೆ ಅಂದರು. ಲಿಫ್ಟಿನ ಬಾಗಿಲು ಮುಚ್ಚಿತೋ ಇಲ್ಲವೋ ಇತ್ತ ತಿರುಗಿದರು.

"ಕೇಳಿಸಿಕೊಂಡ್ಯಾ? ಮೊದಲ ಕರೆ ಅವರಿಗೆ. ನಮಗೆ 'ಹಾಗೆಯೇ'. ನಾವೇನು ಬಿಟ್ಟಿ ಬಿದ್ದಿದ್ದೀವಾ?"

ಸ್ಟೇಷನ್ನಿಗೆ ಹತ್ತಿರ ಅಂತ ಹೋದರು ರೀ, ವಯಸ್ಸಾದವರು ಅಂದೆ. ಕರೆಯೋ ಕ್ರಮ ಗೊತ್ತಿರೋರಿಗೆ ಯಾರನ್ನ ಮೊದಲು ಕರೀಬೇಕು ಅನ್ನೋದೂ ಗೊತ್ತಿರಬೇಕು ಅಂದರು. ಹಿಂದೆ ನನ್ನ ಸೋದರಮಾವ ಒಬ್ಬರು ಮದುವೆಗೆ ಎರಡನೇ ಕರೆ ಬಂತು ಅಂತ ತಂಗಿ ಮಗನ ಧಾರೆಗೇ ಹೋಗಿರಲಿಲ್ಲ. ಮುದುಕರ ಕಾಲಕ್ಕೆ ಮುಗೀತು ಆ ರೋಗ ಅಂದುಕೊಂಡಿದ್ದೆ. ಎಲ್ಲಿ ಮುಗೀತು, ವರ್ಕ್ ಪರ್ಮಿಟ್ ಹಿಡಿದುಕೊಂಡು ನಮ್ಮ ಜೊತೆ ವಿಮಾನ ಹತ್ತಿ ಬಂದಿತ್ತು.

ಮುಂದಿನ ವಾರ ನಮ್ಮನೆ ಹಾಲ್‌ನಲ್ಲಿ ಹೊಸ ಕೂಟದ ಕಮಿಟಿ ಸೇರಿತು. ನನ್ನ ಚಕ್ಕುಲಿ ತಿಂದುಕೊಂಡೇ ತೀರ್ಮಾನ ಮಾಡಿದರು: ಹಳೇ ಕೂಟದವರನ್ನು ಮೊದಲು ಕರೆದ ಕಾರ್ಯಕ್ರಮಕ್ಕೆ ನಮ್ಮ ಸದಸ್ಯರು ಹೋಗತಕ್ಕದ್ದಲ್ಲ. ಮುಚ್ಚಳದ ಬಗ್ಗೆ ಮಾತ್ರ ಬಹಳ ಹೊತ್ತು ಚರ್ಚೆಯಾಯಿತು. ಕೊಡದಿದ್ದರೆ ನಮ್ಮನ್ನು ಸಣ್ಣ ಜನ ಅಂತಾರೆ, ಕೊಟ್ಟರೆ ಅದು ವಾಪಸ್ ಬರದೆ ಡಬರಿಯ ಜೊತೆ ಸೇರಿಬಿಡಬಹುದು. ಕೊನೆಗೆ, ಮುಚ್ಚಳ ಕೂಟದ ಆಸ್ತಿಯಾದ್ದರಿಂದ ಕಾರ್ಯದರ್ಶಿಗಳೇ ಖುದ್ದಾಗಿ ಕೊಂಡೊಯ್ದು ಖುದ್ದಾಗಿ ತರತಕ್ಕದ್ದು, ಆದರೆ ಕಾರ್ಯಕ್ರಮದಲ್ಲಿ ಭಾಗವಹಿಸತಕ್ಕದ್ದಲ್ಲ ಅಂತಾಯಿತು. ಮೊಬೈಲ್ ನೆಟ್‌ವರ್ಕ್ ಕಟ್ಟೋ ಎಂಜಿನಿಯರುಗಳು ಕಣ್ರೀ ಇವರೆಲ್ಲ.

ಹಾಗಾದರೆ ಬರಲ್ಲ ಅಂತ ಅವರಿಗೊಂದು ಫೋನ್ ಮಾಡಿ ಅಂದೆ. ಛೆ ಛೆ, ಹಿರಿಯರಿಗೆ ಮುಖ ಮುರಿದ ಹಾಗೆ ಬರಲ್ಲ ಅನ್ನೋಕಾಗುತ್ತಾ, ಮನಸ್ಸು ನೋಯಲ್ವಾ ಅಂದರು. ನಮ್ಮಲ್ಲಿ "ನೋಡೋಣ, ಬರ್ತೀವಿ" ಅಂದರೆ ಏನು ಅಂತ ಕರೆದವರಿಗೂ ಗೊತ್ತು, ಹೇಳಿದವರಿಗೂ ಗೊತ್ತು. ಅವರಿಗೆ ಅದು ಮರೆತುಹೋಗಿತ್ತು. ಬರ್ತೀನಿ ಅಂದರೆ ಬರೋ ಜನರ ನಡುವೆ ಮೂವತ್ತು ವರ್ಷ ಬಾಳಿದವರು. ನಾನಾದರೂ ಫೋನ್ ಮಾಡೋಣ ಅಂದುಕೊಂಡೆ. ಆದರೆ ಹಳೇ ಕೂಟದವರಂತೂ ಹೋಗೇ ಹೋಗ್ತಾರೆ, ಮೊದಲ ಕರೆ ಅವರಿಗೇ ತಾನೇ, ಬಸ್ಸು ತುಂಬದಿದ್ದರೂ ಅರ್ಧ ತುಂಬುತ್ತೆ ಅಂತ ಸುಮ್ಮನಾದೆ.

ಕಾರ್ಯಕ್ರಮದ ಶನಿವಾರ ಬೆಳಗಿನ ಜಾವವೇ ಹೊರಟೆವು. ಮುಚ್ಚಳ ಹಿಂದಿನ ಸೀಟಿನಲ್ಲಿ. ತಿರುವಿನಲ್ಲೆಲ್ಲ ದಡಬಡ ಅಂತಿತ್ತು ಅಂತ ನಮ್ಮನೆಯವರು ಅದಕ್ಕೆ ಸೀಟ್ ಬೆಲ್ಟ್ ಹಾಕಿದರು. ದಾರಿಯುದ್ದಕ್ಕೂ ಕೆರೆ, ಕಾಡು, ಕೆಂಪು ಮರದ ಮನೆಗಳು.

ಚರ್ಚಿನ ಮುಂದಿನ ಪಾರ್ಕಿಂಗ್ ಜಾಗ ದೊಡ್ಡದು. ಮಧ್ಯದಲ್ಲಿ ಕೊಮ್ಯೂನ್‌ನವರು, ಅಂದರೆ ಅಲ್ಲಿನ ಪುರಸಭೆಯವರು, ಹಗ್ಗ ಕಟ್ಟಿ "ಬಸ್ಸಿಗೆ ಮೀಸಲು" ಅಂತ ಬೋರ್ಡು ನಿಲ್ಲಿಸಿದ್ದರು. ಹಗ್ಗದೊಳಗೆ ಖಾಲಿ. ಆ ಕೊನೆಯಲ್ಲಿ ಒಂದು ನೀಲಿ ಕಾರು ನಿಂತಿತ್ತು. ಅದು ಯಾರದ್ದು ಅಂತ ನಮ್ಮಿಬ್ಬರಿಗೂ ಗೊತ್ತಾಯಿತು. ಒಳಗೆ ಸ್ಟೇರಿಂಗಿನ ಹಿಂದೆ ಅಧ್ಯಕ್ಷರು ಪೇಪರ್ ಓದ್ತಾ ಕೂತಿದ್ದರು, ಇಳಿದಿರಲಿಲ್ಲ. ನಮ್ಮನೆಯವರು ಕಾರನ್ನು ಈ ಕೊನೆಗೆ ತಂದು ನಿಲ್ಲಿಸಿದರು. ನೀನು ಹೋಗಿ ಕೊಟ್ಟು ಬಾ, ನಾನಿಲ್ಲೇ ಇರ್ತೀನಿ, ಕಮಿಟಿ ತೀರ್ಮಾನ ಅಂದರು. ಬಾಯಿಗೆ ಬಂದದ್ದನ್ನು ನುಂಗಿಕೊಂಡು ಮುಚ್ಚಳ ಎತ್ತಿಕೊಂಡು ಇಳಿದೆ. ಎರಡು ಕೈಯಲ್ಲಿ ಅಷ್ಟಗಲದ ಮುಚ್ಚಳ ಹಿಡಿದು ಆ ಬಯಲು ದಾಟೋ ಹೊತ್ತಿಗೆ ಸಾಕುಬೇಕಾಯಿತು.

ಚರ್ಚಿನ ಪಕ್ಕದ ಸಭಾಂಗಣದಲ್ಲಿ ಸಾಲು ಸಾಲು ಕುರ್ಚಿ, ಬಿಳೀ ಬಟ್ಟೆ ಹಾಸಿದ ಉದ್ದನೆಯ ಮೇಜು, ಅದರ ಮೇಲೆ ಜೋಡಿಸಿಟ್ಟ ಕಪ್ಪು ಸಾಸರು, ತಟ್ಟೆ ತಟ್ಟೆ ಕೇಕು ಬಿಸ್ಕತ್ತು. ಸಂಘದ ಮುಖ್ಯಸ್ಥೆ, ಎತ್ತರದ ವಯಸ್ಸಾದ ಹೆಂಗಸು, ಊರಿನ ಸಾಂಪ್ರದಾಯಿಕ ಉಡುಪು ತೊಟ್ಟು ಬಾಗಿಲಲ್ಲೇ ನಿಂತಿದ್ದಳು. ಕೈ ಮುಗಿದು ನಿಧಾನವಾಗಿ "ನಮಸ್ಕಾರ" ಅಂದಳು. ಅಭ್ಯಾಸ ಮಾಡಿಕೊಂಡಿದ್ದಾಳೆ ಅಂತ ಕೇಳಿದರೆ ತಿಳೀತಿತ್ತು. ಕೇಕು ತೋರಿಸಿ, ಯಾವುದಕ್ಕೂ ಮೊಟ್ಟೆ ಹಾಕಿಲ್ಲ, ನಿಮ್ಮ ಜನ ತಿನ್ನಲ್ಲವಂತೆ, ನಮ್ಮ ಹೆಂಗಸರಿಗೆ ಮೊದಮೊದಲು ಉಬ್ಬಲೇ ಇಲ್ಲ, ಮತ್ತೆ ಮತ್ತೆ ಮಾಡಿದ್ದಾರೆ ಅಂದಳು. ಬಸ್ಸು ನಿಮ್ಮ ಹಿಂದೆ ಬರ್ತಿದೆಯಾ ಅಂತ ಕೇಳಿದಳು. ನಮ್ಮ ಕಡೆಯಿಂದ ನಾವಿಬ್ಬರೇ ಅಂದೆ.

"ಒಳಗಿರೋ ಆಕೆಯೂ ಹಾಗೇ ಹೇಳಿದರು," ಅಂದಳು. "ನಿಮ್ಮಲ್ಲಿ ಒಟ್ಟು ಎಷ್ಟು ಕಡೆಗಳಿವೆ?"

ಗೇಲಿ ಮಾಡಿದ್ದಲ್ಲ. ಕುರ್ಚಿ ಎಷ್ಟು ಬೇಕು ಅಂತ ಲೆಕ್ಕ ಹಾಕೋಕೆ ಕೇಳಿದ್ದು. ಆದರೂ ಮೈಯೆಲ್ಲ ಹಿಡಿಯಾಯಿತು.

ಅಡುಗೆಮನೆಯಲ್ಲಿ ಹಿರಿಯರು ಏಪ್ರನ್ ಕಟ್ಟಿಕೊಂಡು ಒಗ್ಗರಣೆಗೆ ಶೇಂಗಾ ಹುರೀತಿದ್ದರು. ನಿಂಬೆಹಣ್ಣಿನ ಹೋಳುಗಳು ರಾಶಿ ಬಿದ್ದಿದ್ದವು. ನನ್ನ ಹಳೇ ಗೆಳತಿ ಡಬರಿ ಹಿಡಿದುಕೊಂಡು ನಿಂತಿದ್ದಳು. ಅವಳ ಗಂಡನ ಕಮಿಟಿಯಲ್ಲೂ ಇದೇ ಥರದ ತೀರ್ಮಾನವಾಗಿತ್ತು ಅಂತ ಆಮೇಲೆ ತಿಳೀತು. ಅವರ ತಕರಾರು ಬೇರೆ: ನಮ್ಮನ್ನು ಕರೆದ ಬಾಯಲ್ಲೇ ಒಡೆದುಹೋದವರನ್ನೂ ಕರೆಯೋದಾ? ಡಬರಿ ಕೊಡಬಹುದು, ಕಾರಿನಿಂದ ಇಳಿಯಬಾರದು. ಹಿರಿಯರು ಡಬರಿಗೆ ಅನ್ನ ಸುರಿದು ಕಲಸಿದರು. ಬಿಸಿ ಆರದಿರಲಿ ಅಂತ ನಾನು ಮುಚ್ಚಳ ಇಟ್ಟೆ. ಒಂದು ವರ್ಷದ ಮೇಲೆ ಅದು ತನ್ನ ಜಾಗದಲ್ಲಿ ಕೂತಿತು. ಅವಳು ನನ್ನ ಮುಖ ನೋಡಿದಳು, ನಾನು ಒಲೆ ನೋಡಿದೆ.

"ಉಳಿದವರೆಲ್ಲ ಬಸ್ಸಿನಲ್ಲೇ ತಾನೇ?" ಅಂದರು ಅವರು, ಕೈ ಒರೆಸಿಕೊಳ್ತಾ.

ನಾನೇ ಹೇಳಿದೆ. "ಅಂಕಲ್, ಬಸ್ಸು ಬರಲ್ಲ."

ಅವರು ಅವಳ ಕಡೆ ತಿರುಗಿದರು. ಅವಳು ತಲೆ ತಗ್ಗಿಸಿದಳು. ಅವರು ಕನ್ನಡಕ ತೆಗೆದು ಏಪ್ರನ್ನಿನ ತುದಿಯಿಂದ ಒರೆಸಿದರು, ಬಹಳ ಹೊತ್ತು ಒರೆಸಿದರು. ಯಾಕೆ ಅಂತ ಕೇಳಲಿಲ್ಲ. ಕೇಳಿದ್ದರೆ ನಾನು ಏನು ಹೇಳ್ತಿದ್ದೆ? ಸ್ಟೇಷನ್ನಿನ ಹತ್ತಿರದ ಮನೆಗೆ ಮೊದಲು ಹೋದಿರಿ ಅಂತ ಹೇಳಬೇಕಿತ್ತಾ? ಹೇಳಿದೆ, ಹೇಳಲೇಬೇಕಾಯಿತು. ಯಾಕಂದರೆ ಅವರು ತಾನೇ ಏನೋ ತಪ್ಪು ಮಾಡಿದೆ ಅಂತ ಕಂಗಾಲಾಗಿ ನಮ್ಮ ಮುಖ ನೋಡ್ತಿದ್ದರು. ಡಬರಿ, ಮುಚ್ಚಳ, ಎರಡು ಕೂಟ, ಎರಡು ಕಮಿಟಿ, ಎಲ್ಲ ನಾಲ್ಕು ಮಾತಿನಲ್ಲಿ ಹೇಳಿದೆ. ಎಲ್ಲ ಕೇಳಿಸಿಕೊಂಡು ಕನ್ನಡಕ ಹಾಕಿಕೊಂಡರು.

"ಓಹೋ. ಕ್ರಮ ತಪ್ಪಿತು," ಅಂದರು. "ಅಕ್ಕಿ ಸ್ವಲ್ಪ ಜಾಸ್ತಿಯಾಯಿತು ಹಾಗಾದರೆ."

ಕಲ್ಲಿನ ಸುತ್ತ ಊರವರು ಸೇರಿದ್ದರು. ಒಬ್ಬೊಬ್ಬರಾಗಿ ತಂತಮ್ಮ ಭಾಷೆಯ ಫಲಕ ಓದಿದರು. ಫಿನ್‌ಲ್ಯಾಂಡಿನವರು ಒಂದು ಗುಂಪು ಬಂದಿತ್ತು, ಬೋಸ್ನಿಯಾದ ಒಂದು ಸಂಸಾರ ಮೊಮ್ಮಕ್ಕಳ ಸಮೇತ ಬಂದಿತ್ತು. ಕನ್ನಡದ ಸರದಿ ಬಂದಾಗ ಮುಖ್ಯಸ್ಥೆ, ಇವರ ಬಳಗದವರು ರಾಜಧಾನಿಯಿಂದ ಇಷ್ಟು ದೂರ ಬಂದಿದ್ದಾರೆ ಅಂತ ಹೇಳಿ ನಮ್ಮಿಬ್ಬರ ಕಡೆ ಕೈ ತೋರಿಸಿದಳು. ಎಲ್ಲರೂ ತಿರುಗಿ ಚಪ್ಪಾಳೆ ತಟ್ಟಿದರು. ನಾನೊಂದು ಕಡೆ, ಅವಳೊಂದು ಕಡೆ, ಮಧ್ಯೆ ಮೂರು ಜನ ನಿಲ್ಲೋಷ್ಟು ಜಾಗ ಬಿಟ್ಟು ನಿಂತಿದ್ದೆವು. ಆ ಚಪ್ಪಾಳೆ ಕಪಾಳಕ್ಕೆ ಬಿದ್ದಿದ್ದರೂ ಅಷ್ಟು ನೋಯ್ತಿರಲಿಲ್ಲ.

ಅವರು ಫಲಕದ ಮುಂದೆ ನಿಂತು, ಟೈ ಸರಿಮಾಡಿಕೊಂಡು, ನಮ್ಮಿಬ್ಬರಿಗೇ ಓದಿ ಹೇಳೋ ಹಾಗೆ ಓದಿದರು.

"ಈ ಗಡಿಯಲ್ಲಿ ಅಣ್ಣತಮ್ಮಂದಿರು ಆಯುಧ ಹಿಡಿದು ಎದುರುಬದುರು ನಿಂತರು. ಒಲೆ ಬೇರೆಯಾಯಿತು. ಗುಂಡು ಹಾರಲಿಲ್ಲ. ಎಲ್ಲರೂ ತಂತಮ್ಮ ಮನೆಗೆ ಹಿಂದಿರುಗಿ ಆಲೂಗೆಡ್ಡೆ ಕಿತ್ತರು."

ಸ್ವೀಡಿಷ್ ಫಲಕದಲ್ಲಿ ಒಕ್ಕೂಟ ಕೊನೆಗೊಂಡಿತು ಅಂತಿತ್ತು. ಒಲೆ ಬೇರೆಯಾಯಿತು ಅಂತ ಬರೆಯೋಕೆ ನಮ್ಮ ಕಡೆಯ ಮನೆಗಳನ್ನು ನೋಡಿದವರಿಂದ ಮಾತ್ರ ಸಾಧ್ಯ. ಅಣ್ಣತಮ್ಮಂದಿರು ಪಾಲಾದರೂ ಹಬ್ಬಕ್ಕೆ ಒಂದೇ ಪಂಕ್ತಿಯಲ್ಲಿ ಕೂರ್ತಾರೆ ಅನ್ನೋದೂ ಆ ಮಾತಿನ ಒಳಗೇ ಇದೆ. ಓದಿ ಮುಗಿಸಿ ಅವರು ಪಾರ್ಕಿಂಗ್ ಕಡೆ ನೋಡಿದರು. ಅಲ್ಲಿಂದ ಎರಡೂ ಕಾರುಗಳು ಕಾಣ್ತಿದ್ದವು.

ಎಲ್ಲರೂ ಸಭಾಂಗಣಕ್ಕೆ ಹೋದರು. ತಟ್ಟೆ ಹಾಕಿದ್ದಾಯಿತು. ಅವರು ಮಾತ್ರ ಏಪ್ರನ್ ಬಿಚ್ಚಿಟ್ಟು ಹೊರಗೆ ಹೊರಟರು. ನಾನೂ ಮುಖ್ಯಸ್ಥೆಯೂ ಬಾಗಿಲಲ್ಲಿ ನಿಂತು ನೋಡಿದೆವು. ಅವರು ನಡೆದು ಹೋಗಿ ಬಸ್ಸಿಗೆ ಮೀಸಲಿಟ್ಟ ಖಾಲಿ ಜಾಗದ ನಟ್ಟನಡುವೆ ನಿಂತರು. ಈ ಕಾರಿನ ಕಡೆ ಒಂದು ಸಲ ನೋಡಿದರು, ಆ ಕಾರಿನ ಕಡೆ ಒಂದು ಸಲ ನೋಡಿದರು. ಯಾವ ಕಡೆಗೂ ಹೆಜ್ಜೆ ಇಡಲಿಲ್ಲ. ಇಡೋ ಹಾಗಿರಲಿಲ್ಲ. ಯಾರ ಹತ್ತಿರ ಮೊದಲು ಹೋದರೂ ಇನ್ನೊಬ್ಬರಿಗೆ ಅವಮಾನ ಅಂತ ಅಡುಗೆಮನೆಯಲ್ಲಿ ನಾನೇ ತಾನೇ ಹೇಳಿಕೊಟ್ಟದ್ದು. ಇದ್ದಲ್ಲೇ ನಿಂತು, ಮದುವೆ ಮನೆಯಲ್ಲಿ ಕರೆದ ಹಾಗೆ ಗಟ್ಟಿಯಾಗಿ ಕರೆದರು.

"ಎಲೆ ಹಾಕಿದೆ, ಎಲ್ಲರೂ ಏಳಬೇಕು!"

ಆ ಕರೆಗೆ ಮೊದಲು ಕೊನೆ ಅಂತ ಇಲ್ಲ. ಎಲ್ಲರಿಗೂ ಸೇರಿ ಒಂದೇ ಕರೆ ಅದು. ನಮ್ಮನೆಯವರ ಕೈ ಬಾಗಿಲಿನ ಹಿಡಿಗೆ ಹೋದದ್ದು ನನಗೆ ಕಾಣಿಸಿತು. ಹೋದದ್ದು ಅಲ್ಲೇ ನಿಂತಿತು. ತಲೆ ಆ ಕಾರಿನ ಕಡೆ ತಿರುಗಿತು. ಅತ್ತ ಪೇಪರ್ ಕೆಳಗಿಳಿಯಿತು, ಆ ತಲೆಯೂ ಇತ್ತ ತಿರುಗಿತು. ಅವರು ಇಳಿಯಲಿ ಅಂತ ಇವರು, ಇವರು ಇಳಿಯಲಿ ಅಂತ ಅವರು. ಎರಡು ಬಾಗಿಲೂ ತೆರೆಯಲಿಲ್ಲ. ಮಧ್ಯದಲ್ಲಿ ಆ ಮುದುಕರು ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಕಾಯ್ತಾ ನಿಂತಿದ್ದರು.

ಏನಂತ ಕರೆದರು ಅಂತ ಮುಖ್ಯಸ್ಥೆ ಕೇಳಿದಳು. ಊಟಕ್ಕೆ ಕರೆದರು ಅಂದೆ. "ಮತ್ತೆ ಯಾಕೆ ಬರ್ತಿಲ್ಲ?" ಅಂದಳು. ನನಗೆ ಬರೋದು ಡಾಗಿಸ್‌ನಲ್ಲಿ ಕಲಿತ ಸ್ವೀಡಿಷ್. ಅವನು ಗೊಂಬೆ ಕೊಡಲಿ ಆಮೇಲೆ ನಾನು ಕೊಡ್ತೀನಿ ಅನ್ನೋ ಮಕ್ಕಳನ್ನು ಸಮಾಧಾನ ಮಾಡೋ ಮಾತೆಲ್ಲ ಬರುತ್ತೆ. ಈ ಪ್ರಶ್ನೆಗೆ ಉತ್ತರ ಕೊಡೋಕೆ ಅಷ್ಟೇ ಸಾಕಾಗಿತ್ತು. ಭೂಮಿ ಬಾಯಿ ಬಿಟ್ಟು ನನ್ನನ್ನು ನುಂಗಬಾರದಾ ಅನಿಸಿತು.

ಅವರು ವಾಪಸ್ ಬಂದರು. ನನ್ನ ಮುಖ ನೋಡಿ ಅವರೇ ನಕ್ಕರು. "ಹೋಗಲಿ ಬಿಡಿ ತಾಯಿ. ಗುಂಡಂತೂ ಹಾರಲಿಲ್ಲ," ಅಂದರು.

ನಮಗೆ ಅಂತ ಹಾಕಿದ್ದ ಕುರ್ಚಿಗಳಲ್ಲಿ ಊರವರು ಕೂತರು. ಖಾಲಿ ಕಾಣಬಾರದು ಅಂತ ಬೇಕೆಂದೇ ಚದುರಿ ಕೂತರು ಅಂತ ನನಗೆ ಅನಿಸಿತು. ಹಸಿಮೆಣಸಿನಕಾಯಿ ಕಚ್ಚಿ ಮೂಗು ಕೆಂಪಾದರೂ ಎರಡೆರಡು ಸಲ ಹಾಕಿಸಿಕೊಂಡರು. ಒಬ್ಬರೂ ಬಸ್ಸಿನ ಸುದ್ದಿ ಎತ್ತಲಿಲ್ಲ. ನಾನೂ ನನ್ನ ಗೆಳತಿಯೂ ಬಡಿಸಿದೆವು, ಪಾತ್ರೆ ತೊಳೆದೆವು. ಉಪ್ಪಿನಕಾಯಿ ಎಲ್ಲಿ ಅಂತ ಅವಳು ಕೇಳಿದಳು, ಅಲ್ಲಿದೆ ಅಂತ ನಾನು ಹೇಳಿದೆ. ಒಂದು ವರ್ಷದಲ್ಲಿ ನಾವಾಡಿದ ಮಾತು ಅಷ್ಟೇ. ಹೊರಡೋ ಹೊತ್ತಿಗೆ ಅವರು ಡಬರಿ ಒರೆಸಿ ಅವಳ ಕೈಗೆ ಕೊಟ್ಟರು, ಮುಚ್ಚಳ ಒರೆಸಿ ನನ್ನ ಕೈಗೆ ಕೊಟ್ಟರು. ಅದಲುಬದಲಾಗದ ಹಾಗೆ ಬಹಳ ಜಾಗ್ರತೆಯಿಂದ ಕೊಟ್ಟರು.

ಬಂದವರನ್ನು ಗಾಡಿ ತನಕ ಬಂದು ಕಳಿಸಿಕೊಡೋದು ಕ್ರಮ. ಅದನ್ನೂ ಅವರು ಬಿಡಲಿಲ್ಲ. ಮೊಟ್ಟೆ ಹಾಕದ ಕೇಕಿನ ಡಬ್ಬಿಗಳನ್ನು ಹಿಡಿದುಕೊಂಡು ನನ್ನ ಜೊತೆಗೇ ನಮ್ಮ ಕಾರಿನ ತನಕ ನಡೆದು ಬಂದರು. ನನ್ನ ಗೆಳತಿ ಡಬರಿ ಹೊತ್ತುಕೊಂಡು ಆ ಕಡೆ ಒಬ್ಬಳೇ ಹೋದಳು. ನಮ್ಮನೆಯವರು ಗಾಜು ಅರ್ಧ ಇಳಿಸಿದರು. ಆಗಲೂ ಇಳಿಯಲಿಲ್ಲ. ಹಿರಿಯರು ಕಿಟಕಿಯ ಮಟ್ಟಕ್ಕೆ ಬಾಗಿ, ಡಬ್ಬಿ ಒಳಗೆ ಕೊಟ್ಟು, ಕೈ ಮುಗಿದರು.

"ಕರೆಯುವುದರಲ್ಲಿ ನನ್ನಿಂದ ಏನಾದರೂ ಲೋಪವಾಗಿದ್ದರೆ ಮನಸ್ಸಿಗೆ ಹಚ್ಚಿಕೊಳ್ಳಬಾರದು."

ಹೆಣ್ಣಿನ ಕಡೆಯವರು ಬೀಗರಿಗೆ ಹೇಳೋ ಮಾತು ಅದು. "ಅಯ್ಯೋ, ಏನಿಲ್ಲ ಬಿಡಿ ಸರ್" ಅಂದರು ನಮ್ಮನೆಯವರು. ಅವರು ನಿಧಾನವಾಗಿ ಸೊಂಟ ಹಿಡಿದುಕೊಂಡು ನೆಟ್ಟಗಾದರು. ಹಗ್ಗ ಕಟ್ಟಿದ ಖಾಲಿ ಜಾಗವನ್ನು ಬಳಸಿಕೊಂಡು ಆ ಕೊನೆಯ ಕಾರಿಗೆ ಹೋದರು. ಅಲ್ಲೂ ಬಾಗಿದರು, ಅಲ್ಲೂ ಕೈ ಮುಗಿದರು.

ಹೆದ್ದಾರಿ ಸೇರಿದೆವು. ನಮ್ಮನೆಯವರು ಒಂದು ಕೈಯಲ್ಲಿ ಸ್ಟೇರಿಂಗ್ ಹಿಡಿದು ಇನ್ನೊಂದು ಕೈಯಲ್ಲಿ ಕೇಕು ತಿಂತಿದ್ದರು. ಪಾಪ, ಬೆಳಗಿನಿಂದ ಏನೂ ತಿಂದಿರಲಿಲ್ಲ. ಮುಚ್ಚಳ ಹಿಂದಿನ ಸೀಟಿನಲ್ಲಿ ಬೆಲ್ಟ್ ಹಾಕಿಕೊಂಡು ಕೂತಿತ್ತು. ಸ್ವಲ್ಪ ದೂರ ಹೋದ ಮೇಲೆ ಅವರ ಮುಖ ಸಡಿಲವಾಯಿತು.

"ನೋಡಿದ್ಯಾ," ಅಂದರು. "ಈ ಸಲ ಮೊದಲು ನಮ್ಮ ಕಾರಿಗೇ ಬಂದರು."

ಬಾಯಿ ಜೋರಿರೋಳು ನಾನು. ಆ ಕ್ಷಣ ಕಾರು ನಿಲ್ಲಿಸಿ ಅಂತ ಹೇಳಿ ಇಳಿದು ನಡೆದು ಹೋಗಬೇಕಿತ್ತು, ಜನ್ಮ ಜಾಲಾಡಬೇಕಿತ್ತು. ಆದರೆ ಕಿಟಕಿಯಾಚೆ ನೋಡ್ತಾ ಕೂತೆ. ಯಾಕಂದರೆ ಆ ಮುದುಕರು ನನ್ನ ಗೆಳತಿಯ ಜೊತೆ ಹೋಗದೆ ನಮ್ಮ ಕಾರಿನ ಕಡೆ ಹೆಜ್ಜೆ ಇಟ್ಟಾಗಲೇ ಅದು ನನ್ನ ಕಣ್ಣಿಗೂ ಬಿದ್ದಿತ್ತು, ಮತ್ತು ನನಗೂ ಖುಷಿಯಾಗಿತ್ತು.